ಅತ್ತೆ ಕದ್ದ ಮೆಲುಕು

ನಮ್ಮ ಸೋದರತ್ತೆ ಕಳ್ಳಿ. ಬೇಕಾದರೆ ಅರಳಿಕಟ್ಟೆಯ ಮೇಲೆ ನಿಂತು ಕೂಗಿ ಹೇಳುತ್ತೇನೆ, ನನಗೇನು ನಾಚಿಕೆ? ಒಡವೆ ಕದಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ಹಸುವಿನ ಬಾಯೊಳಗಿನ ಮೆಲುಕು ಕದ್ದವಳು ಪಿರಿಯಾಪಟ್ಟಣ ತಾಲ್ಲೂಕಿಗೆಲ್ಲ ಇವಳೊಬ್ಬಳೇ!

ಹೊಟ್ಟೆಯ ವಿಚಾರದಲ್ಲಿ ಅತ್ತೆಯ ಕಾನೂನೇ ಬೇರೆ. ಹೊಲಕ್ಕಿರುವ ಹಾಗೆ ಹೊಟ್ಟೆಯೊಳಗೂ ಉಳುವ ಒಕ್ಕಲು ಇದ್ದಾರಂತೆ. ತಿಂದದ್ದನ್ನು ಹುಳಿ ಮಾಡಿ ಮೈಗೆ ಕಸುವು ಕೊಡುವವರು ಅವರೇ ಅಂತೆ. ಅಂಬಲಿ ಹುಳಿಯಿಡುವ ಮಡಕೆಯಲ್ಲೂ ಅವರೇ ಇರುತ್ತಾರಂತೆ, ಅದಕ್ಕೇ ಅದನ್ನು ಯಾರಿಗೂ ಉಜ್ಜಲು ಬಿಡುತ್ತಿರಲಿಲ್ಲ. ಮೈಸೂರಿನಿಂದ ಬಂದ ನೆಂಟರಾಕೆ ಮೂಗು ಮುಚ್ಚಿಕೊಂಡಾಗ, "ಉಜ್ಜುದ್ರೆ ಒಕ್ಕಲು ಎದ್ದೋಯ್ತಾರೆ ಕಣವ್ವ. ಆಮೇಲೆ ನೀನು ಬಂದು ಉಳ್ತೀಯಾ?" ಎಂದಳು. ಆಕೆ ಮಧ್ಯಾಹ್ನದ ಬಸ್ಸಿಗೇ ಹೊರಟರು.

ನಾನು ಹೈಸ್ಕೂಲಿನಲ್ಲಿದ್ದೆ. ಎಪ್ಪತ್ತನೇ ಇಸವಿಯ ಆಸುಪಾಸು. ಸುಗ್ಗಿಯಲ್ಲಿ ಅತ್ತೆಯ ಕೆಂಪು ಹಸು ಹಗ್ಗ ಕಿತ್ತುಕೊಂಡು ಕಣದ ರಾಗಿ ರಾಶಿಗೆ ಬಾಯಿ ಹಾಕಿತು. ಮಾರನೆಯ ದಿನ ಮೆಲುಕು ನಿಂತಿತು. ಹುಲ್ಲು ಮುಟ್ಟದು, ನೀರು ಮೂಸದು. ದನದ ಡಾಕ್ಟರಿಗೆ ಹೇಳಿ ಕಳಿಸಿದೆವು. ಅವರು ಬರುವವರೆಗೆ ಹಸು ಉಳಿಯುವ ನಂಬಿಕೆ ಯಾರಿಗೂ ಇರಲಿಲ್ಲ.

"ಇದ್ರ ಒಕ್ಕಲು ಎದ್ದೋಗವ್ರೆ. ಬ್ಯಾರೆ ಒಕ್ಕಲು ತಂದು ಕೂರುಸ್ಬೇಕು" ಎಂದವಳೇ ಅತ್ತೆ ಸೆರಗು ಸಿಕ್ಕಿಸಿ ಪಕ್ಕದ ಮನೆಯ ಕೊಟ್ಟಿಗೆಗೆ ನುಗ್ಗಿದಳು. ಬೇಲಿಯ ಜಗಳವಾಗಿ ಆ ಮನೆಯವರೊಡನೆ ನಮಗೆ ಮಾತೇ ಇರಲಿಲ್ಲ. ಅಲ್ಲಿ ಹಾಯಾಗಿ ಮೆಲುಕು ಹಾಕುತ್ತಿದ್ದ ಹಸುವಿನ ಬಾಯಿಗೆ ಕೈಹಾಕಿ ಹಸಿರು ಉಂಡೆ ಕಿತ್ತು ತಂದಳು. ಬೆನ್ನ ಹಿಂದೆಯೇ ಆ ಮನೆಯ ಯಜಮಾನರು ಬಂದರು.

"ನಮ್ ಹಸೀನ ಮೆಲ್ಕು ಕದೀತೀಯಲ್ಲಮ್ಮೀ, ನಾಚ್ಕೆ ಆಗಕಿಲ್ವಾ?"

"ನಿಮ್ ಹಸ ದಿನಾ ತಿನ್ನೋದು ನಮ್ ಬೇಲಿ ಸೊಪ್ಪ. ಈಗೇಳಿ, ಮೆಲ್ಕು ಯಾರ್ದು?"

ಅವರು ಯೋಚಿಸುತ್ತಿರುವಾಗಲೇ ಅತ್ತೆ ಅದನ್ನು ಮಜ್ಜಿಗೆಯಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ಹಸುವಿಗೆ ಕುಡಿಸಿದ್ದಳು.

ಮರುದಿನ ಡಾಕ್ಟರು ಸೈಕಲ್ಲಿನಲ್ಲಿ ಬಂದಾಗ ಹಸು ಎದ್ದು ನಿಂತು ಮೆಲುಕು ಹಾಕುತ್ತಿತ್ತು. ಬೈಗುಳಕ್ಕೆ ಉತ್ತರ ಸಿದ್ಧಮಾಡಿಕೊಂಡು ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಸರಿಯಾಗೇ ಮಾಡಿದ್ದೀರಮ್ಮ" ಎಂದರು ಡಾಕ್ಟರು. "ಹಸುವಿನ ಹೊಟ್ಟೇಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ. ಕಾಳು ಅತಿಯಾದ್ರೆ ಅವು ಸಾಯ್ತವೆ. ಹುಲ್ಲಿನಿಂದ ಅವು ಮಾಡೋ ಹುಳೀನೇ ಅದಕ್ಕೆ ಶಕ್ತಿ."

ಜಗಳ ದಂಡವಾಯಿತಲ್ಲ ಎಂದು ಅತ್ತೆಯ ಮುಖ ಸಣ್ಣಗಾಯಿತು. "ಮನುಸ್ರಿಗೂ ಅಂಗೇ ಅನ್ನಿ" ಎಂದಳು.

"ಅದು ನನಗೆ ಗೊತ್ತಿಲ್ಲಮ್ಮ. ನಾನು ದನದ ಡಾಕ್ಟರು."

"ಅಂಗಾರೆ ಕಲ್ತ್ಕೊಂಡು ಬನ್ನಿ."

ಡಾಕ್ಟರು ಹೋದ ಮೇಲೆ, ನಾಲ್ಕಕ್ಷರ ಕಲಿತ ಜಂಬದಲ್ಲಿ ನಾನೆಂದೆ: "ಏನೇ ಅನ್ನು ಅತ್ತೆ, ಎಂಜ್ಲು ಎಂಜ್ಲೇ. ಅಸಹ್ಯ."

ಅತ್ತೆ ಹಸುವಿನ ಹೊಟ್ಟೆ ಸವರುತ್ತಲೇ ಇದ್ದಳು. "ನಿಮ್ಮವ್ವ ಸತ್ತಾಗ ನೀನಿನ್ನೂ ಕೂಸು. ಆಲು ಕುಡುದ್ರೂ ಕಕ್ತಿದ್ದೆ, ಗಂಜಿ ಕುಡುದ್ರೂ ಕಕ್ತಿದ್ದೆ. ಮುದ್ದೇನ ಅಗುದು ಅಗುದು ನಿನ್ ಬಾಯ್ಗಿಕ್ದೆ. ಮುದ್ದೆ ನುಂಗೋದು ಬುಟ್ಟು ಅಗೀತಾಳಲ್ಲಾಂತ ಊರೆಲ್ಲ ನಗಾಡ್ತು, ನಗಾಡ್ಲಿ ಬುಡು ಅಂದೆ. ನಿನ್ನೊಳಗಿರೋ ಒಕ್ಕಲೆಲ್ಲ ನನ್ನೋರೇ ಕಣ್ಲಾ. ಎಬ್ಬುಸ್ತೀಯಾ?"

ನನಗೆ ಅಳು ಬಂತು. ಅತ್ತೆ ಹೋಗಿ ಬಹಳ ವರ್ಷವಾಯಿತು. ಯಾರು ಏನೇ ಅನ್ನಲಿ, ಆ ಒಕ್ಕಲನ್ನು ನಾನು ಎಬ್ಬಿಸಿಲ್ಲ.