ದಾರಿಗಡ್ಡ ಕೂತ ಕಲ್ಲು

ಚಿಂತೆ ಮಾಡುವವನಿಗೆ ಬೇರೇನಿಲ್ಲದಿದ್ದರೂ ಓಡಾಡಲು ಜಾಗ ಬೇಕು. ಒಂದೇ ಕಡೆ ಕೂತು ಚಿಂತಿಸುವವರೂ ಇದ್ದಾರೆ. ಅವರನ್ನು ಜನ ಚಿಂತಕರು ಎಂದು ಗೌರವಿಸುತ್ತಾರೆ. ನಾನು ಆ ವರ್ಗದವನಲ್ಲ. ಕೊರೊನಾ ಬಂದು ಆಫೀಸು ಮನೆಯೊಳಕ್ಕೇ ನುಗ್ಗಿದ ಮೇಲೆ, ಟೋಕಿಯೋ ಪಕ್ಕದ ಗ್ಯೋಟೋಕುವಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯಿಂದ ಬಾಲ್ಕನಿ ತಲುಪುವಷ್ಟರಲ್ಲಿ ಒಂದು ಚಿಂತೆಯೂ ಪೂರ್ತಿಯಾಗುತ್ತಿರಲಿಲ್ಲ. ಗಂಟಲಿನ ಕೆರೆತ ಒಗ್ಗರಣೆಯ ಮೆಣಸಿನಕಾಯಿಯದೋ ಅಥವಾ 'ಅದರದೋ' ಎಂದು ತೀರ್ಮಾನಿಸುವ ಮೊದಲೇ ಗೋಡೆ ಬಂದುಬಿಡುತ್ತಿತ್ತು. ಹತ್ತಿರದ ನಿಶಿ ಕಸಾಯಿ ಬಡಾವಣೆಯ ಕನ್ನಡಿಗರ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದ ನನ್ನ ಹೆಂಡತಿ ಸುಧಾ ಒಂದು ದಿನ ಮೈಕು ಮುಚ್ಚಿ, "ರೀ, ನೀವು ಹಿಂದೆ ಬೋನಿನ ಹುಲಿ ಥರ ಅಡ್ಡಾಡ್ತಿದ್ರೆ ಮಕ್ಕಳು 'ಹ' ಬಿಟ್ಟು ನಿಮ್ಮನ್ನೇ ನೋಡ್ತಾವೆ. ಪ್ಲೀಸ್, ಹೊರಗೆಲ್ಲಾದ್ರೂ ಹೋಗಿ ಟೆನ್ಷನ್ ಮಾಡ್ಕೊಳಿ" ಎಂದಳು. ಹೀಗೆ ನಾನು ತೋಟಕ್ಕೆ ಬಿದ್ದೆ.

ತೋಟವೆಂದರೆ ನಮ್ಮ ಕಟ್ಟಡದ ಹಿಂದಿನ ಪುಟ್ಟ ಜಪಾನೀ ಉದ್ಯಾನ. ಈ ಕಡೆಯೆಲ್ಲ ಹಿಂದೆ ಸಮುದ್ರದ ಅಂಚು. ನೋರಿ ಎಂಬ ತಿನ್ನುವ ಕಡಲಕಳೆಯನ್ನು ನೀರಿನಲ್ಲಿ ಬೆಳೆಯುತ್ತಿದ್ದ ಕುಟುಂಬಗಳ ಊರು. ಸಮುದ್ರಕ್ಕೆ ಮಣ್ಣು ತುಂಬಿ ಮನೆ ಕಟ್ಟುವ ಕಾಲ ಬಂದಾಗ, ಕಸುಬು ಬಿಟ್ಟ ಆ ಮಂದಿ ತಮ್ಮ ದೋಣಿಗಳ ಲಂಗರುಕಲ್ಲುಗಳನ್ನು ಹೊತ್ತು ತಂದು, ಹಳೆಯ ದಡದ ಬಾಗಿನಂತೆಯೇ ಒಂದು ಕೊಳ ತೋಡಿ ಸುತ್ತ ಜೋಡಿಸಿದರಂತೆ. ಅವರಿಗೆ ವಯಸ್ಸಾಗುತ್ತ ತೋಟಕ್ಕೂ ವಯಸ್ಸಾಯಿತು. ಸೋಂಕಿನ ಭಯಕ್ಕೆ ಎಲ್ಲರೂ ಬಾಗಿಲು ಹಾಕಿಕೊಂಡ ವಸಂತದಲ್ಲಿ ಹುಲ್ಲು ಎದೆಮಟ್ಟ ಬೆಳೆಯಿತು. ಅದನ್ನು ಮತ್ತೆ ಸರಿಮಾಡಲು ಹೊರಟವರು ಎಂಬತ್ತು ದಾಟಿದ ಮೊರಿಯಾಮಾ ಸಾನ್, ನಮ್ಮ ಮಾತಿನಲ್ಲಿ ಮೊರಿಯಾಮಾ ಅವರು. ಅವರ ತಂದೆ ಆ ಕೊಳ ತೋಡಿದವರಲ್ಲಿ ಒಬ್ಬರು. ಬಯಲಿನಲ್ಲಿ, ದೂರ ದೂರ ನಿಂತು, ಒಮ್ಮೆಗೆ ನಾಲ್ಕೈದೇ ಮಂದಿ ಕೆಲಸ ಮಾಡಬಹುದು ಎಂಬ ನಿಯಮ ಮಾಡಿಕೊಂಡಿದ್ದರು. ನಾನು ಸೇರಿಕೊಂಡೆ. ಕೈಗೆ ಕೆಲಸವಿಲ್ಲದೆ ಚಡಪಡಿಸುವವನು ಹುಲ್ಲು ಕೀಳುವ ವೇಗ ಯಾವ ಯಂತ್ರಕ್ಕೂ ಬರುವುದಿಲ್ಲ. ಸಂಜೆ ಮೊರಿಯಾಮಾ ಸಾನ್ ತಲೆ ಬಾಗಿಸಿ, "ನೀವು ಬಂದದ್ದು ದೊಡ್ಡ ಆಸರೆ" ಎನ್ನುತ್ತಿದ್ದರು. ಪರದೆಯ ಮೇಲಿನ ಮುಖಗಳನ್ನು ಬಿಟ್ಟರೆ, ಆ ದಿನಗಳಲ್ಲಿ ಮೈಯಿದ್ದ ಮನುಷ್ಯರೊಬ್ಬರು ನನಗೆ ನೀನು ಬೇಕು ಎಂದದ್ದು ಅಲ್ಲಿ ಮಾತ್ರ. ಆದ್ದರಿಂದ ಮರುಕ್ಷಣವೇ ಹೊಸ ಚಿಂತೆ ಶುರುವಾಯಿತು: ಇವರು ನಾಳೆ ಬೇಡ ಎಂದರೆ?

ಕೊಳದ ದಂಡೆಗೆ ಪಾಚಿ ಹಾಸುವ ಕೆಲಸ ಬಂತು. ನಮ್ಮಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಓಡಿಸುವ ಪಾಚಿಯನ್ನು ಇಲ್ಲಿ ಕೂಸಿನಂತೆ ಸಾಕುತ್ತಾರೆ. ಬೀದಿಯ ಮನೆಮನೆಯವರೂ ತಮ್ಮ ಹಿತ್ತಿಲಿನಿಂದ ಅಂಗೈಯಗಲ ಎತ್ತಿ ಕೊಟ್ಟರು. ತೇಪೆ ಕೌದಿಯಂತೆ ಹಾಸಿದೆವು. ಮರುದಿನ ಬೆಳಿಗ್ಗೆ ನಾನೇ ಮೊದಲು ಹೋದೆ. ಕೊಳದ ಕಾಲುದಾರಿಯ ನಟ್ಟನಡುವೆ ತೆಂಗಿನಕಾಯಿ ಗಾತ್ರದ ದುಂಡುಕಲ್ಲು. ಅದಕ್ಕೆ ಅಡ್ಡಕ್ಕೂ ಉದ್ದಕ್ಕೂ ಕರಿ ಹಗ್ಗ ಬಿಗಿದು ನೆತ್ತಿಯ ಮೇಲೆ ಗಂಟು. ದುಂಡು ಕಲ್ಲಿಗೆ ದೃಷ್ಟಿದಾರದಂಥದ್ದು ಕಟ್ಟಿ ದಾರಿಯಲ್ಲಿ ಕೂರಿಸಿದರೆ ನಮ್ಮವರು ಯಾಕೆಂದು ಕೇಳುವುದಿಲ್ಲ, ಚಪ್ಪಲಿ ಬಿಡುತ್ತಾರೆ. ನಾನೂ ಶೂ ಬಿಟ್ಟೆ. ಉದುರಿದ್ದ ಕ್ಯಾಮೆಲಿಯಾ ಹೂವೊಂದನ್ನು ಗಂಟಿನ ಮೇಲಿಟ್ಟು, ಸಾಕ್ಸಿನಲ್ಲೇ ಮೂರು ಪ್ರದಕ್ಷಿಣೆ ಹಾಕಿ, ಈ ರೋಗ ತೊಲಗಲಪ್ಪ ಎಂದು ಕೈಮುಗಿದು, ಮೀಟಿಂಗಿದೆ ಎಂದು ಮನೆಗೆ ಓಡಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ದೇವರ ವಿಷಯ ಹೇಳಿದೆ. ಇಲ್ಲೇ ಬೆಳೆದ ಮಗಳು ನಿಧಿ ಚಮಚ ಕೆಳಗಿಟ್ಟಳು. "ಅಪ್ಪಾ, ಸೀರಿಯಸ್ಲೀ? ಅದು ಗಾಡ್ ಅಲ್ಲ. ಇಟ್ ಮೀನ್ಸ್ ಈ ಕಡೆ ಬರ್ಬೇಡಿ ಅಂತ. ಪೊಲೈಟ್ ನೋ ಎಂಟ್ರಿ!"

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಬರಬೇಡಿ ಎಂದು ಯಾರಿಗೆ? ಆ ಹೊತ್ತಿಗೆ ಬರುವವನು ನಾನೊಬ್ಬನೇ. ಹಿಂದಿನ ಸಂಜೆ ತೋಟದಲ್ಲಿ ಎರಡು ಸಲ ಕೆಮ್ಮಿದ್ದೆ. ಇಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದಿಲ್ಲ, ಕಲ್ಲಿಟ್ಟು ತಿಳಿಸಿದ್ದಾರೆ. "ನಿಮಗೊಬ್ಬರಿಗೋಸ್ಕರ ಅವರು ಕಲ್ಲಿಗೆ ಹಗ್ಗ ಕಟ್ತಾರಾ? ನೀವೇನು ಅಷ್ಟು ದೊಡ್ಡ ಮನುಷ್ಯರಾ?" ಎಂದಳು ಸುಧಾ. ಸಮಾಧಾನವೋ ಅವಮಾನವೋ ತಿಳಿಯಲಿಲ್ಲ. ವಾರವಿಡೀ ತೋಟದ ಕಡೆ ತಲೆಹಾಕದೆ ಗೋಡೆಯಿಂದ ಗೋಡೆಗೆ ನಡೆದೆ.

ಶನಿವಾರ ಬಾಗಿಲ ಗಂಟೆ ಸದ್ದು ಮಾಡಿತು. ಮೊರಿಯಾಮಾ ಸಾನ್, ಮಾಸ್ಕ್ ಹಾಕಿ, ಮೆಟ್ಟಿಲ ಬಳಿಯೇ ದೂರ ನಿಂತಿದ್ದರು.

"ಮೂರ್ತಿ ಸಾನ್, ಕಲ್ಲಿನ ವಿಷಯಕ್ಕೆ ಬಂದೆ. ಸ್ವಲ್ಪ ತೊಂದರೆಯಾಗಿದೆ." ನನ್ನ ಜಪಾನೀ ಆಫೀಸಿನಲ್ಲಿ 'ಸ್ವಲ್ಪ ತೊಂದರೆ' ಎಂದರೆ ಇಡೀ ಪ್ರಾಜೆಕ್ಟು ಮುಳುಗಿದೆ ಎಂದರ್ಥ. "ಪಾಚಿ ಮಣ್ಣು ಹಿಡಿಯುವ ತನಕ ಯಾರೂ ಆ ಕಡೆ ಹೋಗದಿರಲಿ ಎಂದು ಇಟ್ಟಿದ್ದೆ. ಯಾರೋ ಅದರ ಮೇಲೆ ಹೂವಿಟ್ಟಿದ್ದರು."

"ಯಾರೋ," ಎಂದೆ ನಾನೂ.

"ಅದನ್ನು ನೋಡಿ ಮೂಲೆಮನೆಯ ಅಜ್ಜಿ ಕಿತ್ತಳೆ ಇಟ್ಟರು. ಈಗ ಸೋಂಕು ಹೋಗಲಿ ಎಂದು ದಿನಾ ಜನ ಬರುತ್ತಿದ್ದಾರೆ. ನಿನ್ನೆ ಒಬ್ಬರು ಪಾಚಿಯ ಮೇಲೇ ಮಂಡಿಯೂರಿದರು, ಎರಡು ಮನೆಯವರು ಕೊಟ್ಟ ತುಂಡು ಎದ್ದುಬಂತು. ಕಲ್ಲು ತೆಗೆದರೆ ಜನ ತುಳಿಯುತ್ತಾರೆ, ಇಟ್ಟರೆ ಪೂಜೆಗೆ ಬರುತ್ತಾರೆ."

ಹಿಂದಿನಿಂದ ನಿಧಿ, "ಅಪ್ಪಾ, ಯು ಸ್ಟಾರ್ಟೆಡ್ ಎ ರಿಲಿಜನ್!" ಎಂದು ಕಿಸಕ್ಕೆಂದಳು. ನಾನು ಸೊಂಟದ ತನಕ ಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ.

"ಗೊತ್ತು," ಎಂದರು ಅವರು. "ಕಲ್ಲಿನ ಸುತ್ತ ಸಾಕ್ಸಿನ ಗುರುತಿತ್ತು. ನಮ್ಮವರು ಯಾರೂ ಅಲ್ಲಿ ಶೂ ಬಿಡುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಕೆಲವು ದಿನ ಬೆಳಿಗ್ಗೆ ಅಲ್ಲಿ ನೀವೇ ನಿಲ್ಲುತ್ತೀರಾ? ದಯವಿಟ್ಟು, ಅಲುಗಾಡದೆ."

ಹೀಗೆ ನಾನು ಬೇಕಾದವನೇ ಎಂದು ಖಾತ್ರಿಯಾಯಿತು. ಬೇಕಾದದ್ದು ಮಾತ್ರ ದಾರಿಗೆ ಅಡ್ಡವಾಗಿ. ಆಫೀಸಿನ ಹೊತ್ತಿಗೆ ಮುನ್ನ ಹೋಗಿ ಕಲ್ಲಿನ ಪಕ್ಕ ಕಲ್ಲಾಗಿ ನಿಲ್ಲುತ್ತಿದ್ದೆ. ಜನ ಬರುತ್ತಿದ್ದರು, ನನ್ನನ್ನು ಕಂಡು ದೂರದಲ್ಲೇ ನಿಂತು ಕೈಮುಗಿಯುತ್ತಿದ್ದರು, ಆಮೇಲೆ ಹೋಗದೆ ಮಾತಿಗೆ ನಿಲ್ಲುತ್ತಿದ್ದರು. ಕಿತ್ತಳೆಯ ಅಜ್ಜಿ ತಮ್ಮ ಮಂಡಿನೋವಿನ ಬಗ್ಗೆ ಹೇಳಿದರೆ ನಾನು ನನ್ನ ಗಂಟಲ ಬಗ್ಗೆ ಹೇಳುತ್ತಿದ್ದೆ. ಅಷ್ಟು ತೃಪ್ತಿಯಾಗಿ ನಾನು ಎಂದೂ ಚಿಂತೆ ಮಾಡಿರಲಿಲ್ಲ.

ಒಂದು ಭಾನುವಾರ ಮೊರಿಯಾಮಾ ಸಾನ್ ಬಗ್ಗಿ, ಬೆರಳ ತುದಿಯಿಂದ ಪಾಚಿಯನ್ನು ಒತ್ತಿ ನೋಡಿ, ಮಾಸ್ಕಿನ ಮೇಲೆ ಕಣ್ಣರಳಿಸಿ ಎದ್ದರು. "ಎಲ್ಲ ಮನೆಯದೂ ಚೆನ್ನಾಗಿ ಹಿಡಿದುಕೊಂಡಿದೆ. ಇನ್ನು ನೀವು ನಿಲ್ಲಬೇಕಾಗಿಲ್ಲ."

"ಒಳ್ಳೆಯದಾಯಿತು" ಎಂದೆ. ನನ್ನ ಮುಖದ ಮೇಲೂ ಮಾಸ್ಕ್ ಇದ್ದದ್ದು ಇನ್ನೂ ಒಳ್ಳೆಯದಾಯಿತು.