ಸೋಮವಾರ ದುಡಿಯದ ಕಂಪ್ಯೂಟರ್

ನಮ್ಮ ಸೋದರಮಾವನಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಕಂಡಕಂಡವರೆದುರು ಹೇಳಿಕೊಂಡು ನಕ್ಕವನು ನಾನು. ಬೈಲಹೊಂಗಲದ ಡಾಕ್ಟರೊಬ್ಬರ ದವಾಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದೇ ಅವರ ಕೆಲಸ ಎಂಬುದನ್ನು ಮಾತ್ರ ಕೊನೆಗೆ ಹೇಳುತ್ತಿದ್ದೆ. ಆಗ ನಗು ಇನ್ನೂ ಜೋರಾಗುತ್ತಿತ್ತು!

ಅವರು ಕಮಾಂಡ್ ಕೊಡುವ ವೈಖರಿಯನ್ನೊಮ್ಮೆ ನೋಡಬೇಕು. ಮೊದಲು ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಟೈಪು. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದಬೇಕು. ಏನನ್ನಾದರೂ ಅಳಿಸುವ ಕಮಾಂಡಾದರೆ ಎದ್ದು ಹೋಗಿ, ನೀರು ಕುಡಿದು ಬಂದು ಮತ್ತೊಮ್ಮೆ ಓದಬೇಕು. ಅಷ್ಟಾದ ಮೇಲೆ ಎಂಟರ್! ಒಮ್ಮೆ ವಾಚು ಹಿಡಿದು ನೋಡಿದೆ, ಒಂದು ಫೈಲು ಅಳಿಸಲು ಹನ್ನೊಂದು ನಿಮಿಷ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದರೆ ಇಟ್ಟುಕೊಳ್ಳುತ್ತಾರೆಯೇ?

ಸೋಮವಾರದ ಕಥೆಯಂತೂ ಕೇಳಲೇಬೇಡಿ. ನಮ್ಮ ಕಡೆ ಸೋಮವಾರ ಎತ್ತಿಗೆ ರಜೆ, ಹೂಡುವುದಿಲ್ಲ. ಮಾವ ಆ ಪುಣ್ಯವನ್ನು ಕಂಪ್ಯೂಟರಿಗೂ ದಯಪಾಲಿಸಿದ್ದರು. ಸೋಮವಾರ ಮಧ್ಯಾಹ್ನ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ರೋಗಿಗಳ ದಾಖಲೆಗಳನ್ನೆಲ್ಲ ನಕಲು ಮಾಡಿ, ಆ ನಕಲನ್ನು ಮೂಲೆಯ ಹಳೇ ಕಂಪ್ಯೂಟರಿಗೆ ಹಾಕಿ, ಒಂದೊಂದಾಗಿ ತೆರೆದು ನೋಡುತ್ತಿದ್ದರು. ನಕಲು ಆದ ಮೇಲೆ ನೋಡುವುದೇನಿದೆ ಎಂದು ಕೇಳಿದ್ದಕ್ಕೆ, "ತೆರದ ನೋಡಲಾರದ್ದು ನಕಲ ಅಲ್ಲೋ ಅಳಿಯಾ" ಎಂದರು. ಆ ಮಾತನ್ನು ಎತ್ತಿನ ಚಿತ್ರದ ಸಮೇತ ಆಫೀಸಿನ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅಂದೇ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ರಜೆಗೆ ಬಂದಾಗ ನಾನೇ ತಾನಾಗಿ ಓಡುವ ಒಂದು ಸ್ಕ್ರಿಪ್ಟು ಬರೆದುಕೊಟ್ಟೆ. ದಿನಾ ಊಟದ ಹೊತ್ತಿಗೆ ಅದೇ ನಕಲು ತೆಗೆಯುತ್ತದೆ, ನಿಮ್ಮ ಸೋಮವಾರ ಇನ್ನು ಸಾಕು ಎಂದೆ. ಮಾವ ಹಿಂದೆ ಮುಂದೆ ನೋಡಿದರು. ಕೊನೆಗೆ, ನೀನು ಓದಿದವನು, ನಿನಗೆ ಗೊತ್ತಿರುತ್ತದೆ ಎಂದು ಒಪ್ಪಿಬಿಟ್ಟರು.

ಮೂರು ವಾರ ಬಿಟ್ಟು ಮತ್ತೆ ಬಂದೆ. ಕಂಪ್ಯೂಟರಿನಲ್ಲಿ ಜಾಗ ತುಂಬಿತ್ತು, ಹಳೇ ಕಸ ತೆಗೆಯಲು ಕೂತೆ. ಬರೆದುಕೊಳ್ಳಲಿಲ್ಲ, ಓದಲಿಲ್ಲ, ನೀರಂತೂ ಕುಡಿಯಲೇ ಇಲ್ಲ. ಎಂಟರ್ ಒತ್ತಿದೆ. ದಾಖಲೆಗಳ ಫೋಲ್ಡರೇ ಹೋಯಿತು! ಹೋದರೇನು, ಸ್ಕ್ರಿಪ್ಟು ತೆಗೆದ ನಕಲಿದೆಯಲ್ಲ? ತೆರೆದರೆ ಎಲ್ಲವೂ ಖಾಲಿ. ಫೋಲ್ಡರಿನ ವಿಳಾಸವನ್ನೇ ನಾನು ತಪ್ಪು ಬರೆದಿದ್ದೆ. ನನ್ನ ಸ್ಕ್ರಿಪ್ಟು ದಿನವೂ ಊಟದ ಹೊತ್ತಿಗೆ ಬಹಳ ಶ್ರದ್ಧೆಯಿಂದ ಖಾಲಿ ಫೋಲ್ಡರೊಂದನ್ನು ನಕಲು ಮಾಡಿತ್ತು.

ಮಾವ ಬೈಯಲಿಲ್ಲ. ತಮ್ಮ ಕೊನೆಯ ಸೋಮವಾರದ ನಕಲನ್ನು ಹಾಕಿದರು. ಆಮೇಲಿನ ಮೂರು ವಾರದ್ದಕ್ಕೆ ಮೋಟರ್‌ಸೈಕಲ್ ಹತ್ತಿ ಮುರಗೋಡ, ಚಚಡಿ ಎಂದು ಊರೂರು ತಿರುಗಿ, ರೋಗಿಗಳ ಮನೆಯಲ್ಲಿದ್ದ ಚೀಟಿಗಳನ್ನು ನೋಡಿ ಬರೆದುಕೊಂಡರು. ಹಿಂದೆ ಕೂತವನು ನಾನು. ಡಾಕ್ಟರೇ ಕಾಳಜಿಯಿಂದ ವಿಚಾರಿಸಲು ಕಳಿಸಿದ್ದಾರೆಂದು ತಿಳಿದ ಅಜ್ಜಿಯೊಬ್ಬಳು ನನಗೆ ಎರಡು ಸಲ ಚಹಾ ಕುಡಿಸಿದಳು.

ಡಾಕ್ಟರು ಇಬ್ಬರನ್ನೂ ಕರೆದು, ಇದು ಯಾರ ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು, "ನನ್ನ ಕೈಲೆ ಆತ್ರಿ ಸಾಹೇಬ್ರ."

ಡಾಕ್ಟರು ಒಳ್ಳೆಯವರು, ಕೂಗಾಡಲಿಲ್ಲ. ನಿಮಗೂ ವಯಸ್ಸಾಯಿತು, ಕಂಪ್ಯೂಟರನ್ನು ಇನ್ನು ಅಳಿಯನೇ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬಂದು ನೋಡಿಕೊಳ್ಳಲಿ, ನೀವು ಹೊರಗೆ ಚೀಟಿ ಬರೆಯಲು ಕೂರಿ ಎಂದರು. ಮಾವ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಹೊರಗೆ ಬಂದು, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನನ್ನದೇನೋ, ಮುಗೀಲಿಕ್ಕ ಬಂತು. ನಿನಗ ಇನ್ನೂ ಭಾಳ ವರ್ಷ ದುಡಿಯೂದೈತಿ. ಹೆಸರ ಕೆಡಬಾರ್ದು."

ಈಗ ಮಾವ ಬಾಗಿಲ ಬಳಿ ಕೂತು ಚೀಟಿ ಬರೆಯುತ್ತಾರೆ. ಬಂದವರಿಗೆಲ್ಲ ಒಳಗಿನ ಕಂಪ್ಯೂಟರನ್ನು ತೋರಿಸಿ, ಅದನ್ನು ನೋಡಿಕೊಳ್ಳುವವನು ನನ್ನ ಅಳಿಯ, ಬಹಳ ಶಾಣ್ಯಾ ಎಂದು ಹೇಳುತ್ತಾರಂತೆ. ಡಾಕ್ಟರಿಗೆ ನಾನು ಇನ್ನೂ ನಿಜ ಹೇಳಿಲ್ಲ.