ಅತ್ತೆಯ ಪಾಯ್, ಮಾವನ ದೋಣಿ

ನಮ್ಮೂರು ಉರಿಗಾಮಿನಲ್ಲಿ ಸ್ವಂತ ಹಾಯಿದೋಣಿ ಇರುವ ಮನೆ ಒಂದೇ ಒಂದು, ಅದು ನಮ್ಮ ಸೋದರಮಾವನದು. ನಲ್ಲಿಯಲ್ಲಿ ನೀರು ಬಂದರೆ ಇಡೀ ಬೀದಿ ಬಿಂದಿಗೆ ಹಿಡಿದು ಓಡುವ ಜಾಗವಿದು. ಇಲ್ಲಿ ಒಬ್ಬ ಮನುಷ್ಯ ಸ್ಕೂಟರ್ ಕೊಂಡರೆ ಅರ್ಥವುಂಟು, ಹಸು ಕಟ್ಟಿದರೆ ಅರ್ಥವುಂಟು. ದೋಣಿ ಕಟ್ಟಿದರೆ ಏನರ್ಥ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥ ಅಸಾಧ್ಯ ವಿಷಯಗಳನ್ನೋ ಸಮರ್ಥಿಸಿ ಕಪ್‌ಗಳನ್ನು ಹೊತ್ತು ತಂದ ನಾನು, ಈ ಒಂದು ವಿಷಯದ ಪರವಾಗಿ ಮಾತ್ರ ಬಾಯಿ ತೆರೆಯಲಾರದೆ ಹೋದೆ.

ಮಾವ ಚಿನ್ನದ ಗಣಿಯಲ್ಲಿ ಮರಗೆಲಸದವರಾಗಿದ್ದರು. ನೆಲದಾಳದ ಸುರಂಗಗಳಲ್ಲಿ ಬಂಡೆ ಕುಸಿಯದಂತೆ ದಿಮ್ಮಿಗಳ ಆಸರೆ ನಿಲ್ಲಿಸುವುದು ಅವರ ಕಸುಬು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಕೈಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಯಾರೋ ಪರದೇಶದವನು ತನ್ನ ಹಿತ್ತಲಲ್ಲಿ ಪುಟ್ಟ ಹಾಯಿದೋಣಿ ಕಟ್ಟುವುದನ್ನು ನೋಡಿದರು. ಅವನ ಭಾಷೆ ಇವರಿಗೆ ತಿಳಿಯಲಿಲ್ಲ, ಅವನ ಉಳಿ ತಿಳಿಯಿತು. ಮರುದಿನವೇ ಹಳೆಯ ಮಂಚವೊಂದು ನಡುಮನೆಯಲ್ಲಿ ಹಲಗೆಗಳಾಗಿ ಮಲಗಿತ್ತು.

"ಯಾಕೆ ಮಾವ ಇದೆಲ್ಲ?" ಎಂದೆ.

"ನಿಮ್ಮತ್ತೇನ ಗಾಳೀಲಿ ಕರ್ಕೊಂಡೋಗ್ಬೇಕು ಕಣ್ಲಾ. ನಾನು ಕೆಲಸ ಮಾಡ್ದ ಕಡೆ ಗಾಳೀನೂ ಪೈಪಲ್ಲೇ ಬತ್ತಿತ್ತು."

ಒಲೆಯ ಮುಂದಿದ್ದ ಅತ್ತೆ, ತಮಿಳು ಮಾತಾಡುವ ಮನೆಯಿಂದ ಬಂದವರು, ತಿರುಗಿಯೂ ನೋಡದೆ ತೀರ್ಪು ಕೊಟ್ಟರು. "ನಾನು ಬರೋಳಲ್ಲ ಸಾಮಿ. ನಿಮ್ಮ ಕೈ ಮೇಲೆ ನಂಬಿಕೆ ಇದೆ, ನೀರಿನ ಮೇಲಿಲ್ಲ."

ಮಾವ ಈ ಮಾತನ್ನು ಕೇಳಿಸಿಕೊಂಡರು. ಕೇಳಿಸಿಕೊಂಡು, ದೋಣಿಯಲ್ಲಿ ಇಬ್ಬರು ಕೂರುವಷ್ಟು ಜಾಗ ಗುರುತು ಹಾಕಿದರು.

ಕೆಲಸ ಶುರುವಾಯಿತು. ಸುತ್ತಿಗೆಯ ಏಟಿಗೆ ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುವುದು, ಅತ್ತೆ ಸೌಟು ಹಿಡಿದು ಬೀದಿಬಾಗಿಲಿಗೆ ಓಡುವುದು, ಹೊರಗೆ ಒಮ್ಮೆ ಇಣುಕಿ "ಥೂ, ಇವರು ಒಳಗೇ ಇದ್ದಾರಲ್ಲ" ಎಂದು ಗೊಣಗುತ್ತ ಹಿಂತಿರುಗುವುದು, ಇದು ನಿತ್ಯದ ಕಾರ್ಯಕ್ರಮವಾಯಿತು. ಗಣಿಯ ಕಾಲದಲ್ಲಿ ಆಳದ ಬಂಡೆ ಸಿಡಿದರೆ ಮೇಲಿನ ಮನೆಗಳ ಪಾತ್ರೆಗಳು ಹೀಗೆಯೇ ನಡುಗುತ್ತಿದ್ದವಂತೆ. ಆಗ ಮಾವನ ದಾರಿ ನೋಡಲು ಬಾಗಿಲಿಗೆ ಹೋಗುವುದನ್ನು ಕಲಿತ ಕಾಲುಗಳಿಗೆ ಈಗ ಬುದ್ಧಿ ಹೇಳುವವರಾರು?

ದೋಣಿಯ ಒಡಲು ಸಿದ್ಧವಾದಾಗ ನೋಡಲು ಹೋದೆ. ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಂಬ, ಕಂಬಗಳ ಮೇಲೆ ಅಡ್ಡತೊಲೆ, ತೊಲೆಯ ಸಂದಿಗೆ ಬಿಗಿಯಾದ ಬೆಣೆ! ಅದರ ಮೇಲೆ ಬೆಟ್ಟವೊಂದನ್ನು ಇಳಿಸಿದ್ದರೂ ಅದು ಹೊತ್ತು ನಿಲ್ಲುತ್ತಿತ್ತು. ತೇಲುವುದೊಂದು ಮಾತ್ರ ಸಾಧ್ಯವಿರಲಿಲ್ಲ.

"ಮಾವ, ಸುರಂಗದಲ್ಲಿ ಭಾರ ಮೇಲಿನಿಂದ ಬರುತ್ತದೆ. ಕೆರೆಯಲ್ಲಿ ದೋಣಿಯ ಮೇಲಿರುವುದು ಆಕಾಶ. ಆಕಾಶ ಕುಸಿದದ್ದಕ್ಕೆ ಇತಿಹಾಸದಲ್ಲಿ ಎಲ್ಲಿಯೂ ದಾಖಲೆಯಿಲ್ಲ" ಎಂದು ಕ್ರಮಬದ್ಧವಾಗಿ ವಾದ ಮಂಡಿಸಿದೆ.

"ಕುಸಿಯೋವರ್ಗೂ ಯಾವ್ದಕ್ಕೂ ದಾಖಲೆ ಇರಲ್ಲ ಕಣ್ಲಾ" ಎಂದರು ಮಾವ.

ಸಭೆ ಅವರ ಕಡೆಗೆ ವಾಲಿತು. ಸಭೆಯೆಂದರೆ ಅತ್ತೆ; ಅವರು ನಗುತ್ತಿದ್ದರು. ಆದರೂ ಒಂದು ವಾರದ ನಂತರ ಮಾವ ಕಂಬಗಳನ್ನು ಬಿಚ್ಚಿ, ಒಂದನ್ನು ಹಾಯಿಮರವಾಗಿ ಕೆತ್ತಿದರು. ಉಳಿದವನ್ನು ಸೀಳಿ ಎರಡು ಪೀಠ ಮಾಡಿದರು. ಎರಡನೆಯದಕ್ಕೆ ಒರಗಲು ಬೆನ್ನಾಸರೆಯೂ ಇತ್ತು.

"ಅದ್ಯಾರಿಗೆ?" ಎಂದರು ಅತ್ತೆ.

"ಯಾರಿಗೆ ಸೊಂಟ ನೋವೋ ಅವರ್ಗೆ."

"ಸೊಂಟ ನೋವಿದ್ದವರು ಮನೇಲಿ ಇರ್ತಾರೆ."

ಮುಂದಿನ ಪ್ರಶ್ನೆ, ದೋಣಿ ಸೋರುತ್ತದೆಯೇ? ಎಲ್ಲರೂ ದೋಣಿಯನ್ನು ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಮಾವ ನೀರನ್ನು ದೋಣಿಯಲ್ಲಿಟ್ಟು ಪರೀಕ್ಷಿಸಿದರು. ನಲ್ಲಿ ಬಂದ ದಿನ ಅದನ್ನು ಅಂಗಳಕ್ಕೆ ಸಾಗಿಸಿ, ಪೈಪು ಹಚ್ಚಿ ತುಂಬಿಸಿ, "ಒಳಗಿಂದ ಆಚೆ ಓಗ್ದಿದ್ರೆ ಆಚೆಯಿಂದ ಒಳಕ್ಕೂ ಬರಲ್ಲ" ಎಂದರು. ಒಂದು ಹನಿಯೂ ಸೋರಲಿಲ್ಲ. ಸೋರದ ತೊಟ್ಟಿಯೊಂದು ದೊರಕಿದ ಮೇಲೆ ಯಾರು ಬಿಡುತ್ತಾರೆ? ಅತ್ತೆ ಅದರಲ್ಲಿ ಬಟ್ಟೆ ನೆನೆಸಿದರು, ನೆರೆಮನೆಯವರು ಬಿಂದಿಗೆ ಅದ್ದಿದರು. ಬೀದಿಯ ನೀರಿನ ತೊಂದರೆಗೆ ಮನವಿಯ ಮೇಲೆ ಮನವಿ ಬರೆದು ನಾನು ಸಾಧಿಸಲಾಗದ ಸುಧಾರಣೆಯನ್ನು ಒಂದು ದೋಣಿ ನೆಲದ ಮೇಲೆ ನಿಂತೇ ಸಾಧಿಸಿತು. ಅದನ್ನು ಖಾಲಿ ಮಾಡಿಸಲು ಮಾವ ಪಟ್ಟ ಪಾಡು ಕಟ್ಟಲು ಪಟ್ಟಿದ್ದಕ್ಕಿಂತ ಹೆಚ್ಚು!

ಇನ್ನು ಹಾಯಿ. ನಮ್ಮ ಕಡೆ ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ನೀರು ಕುಡಿದು ತಮಿಳಿನಲ್ಲಿ ಮನೆ ಸೇರುವುದುಂಟು. ಅತ್ತೆಯನ್ನು ಒಲಿಸಿಕೊಳ್ಳಬೇಕಾದಾಗ ಮಾವ ತಮಿಳಿಗೆ ಹೊರಳುತ್ತಾರೆ. ತಮಿಳಿನಲ್ಲಿ ಹಾಯಿಗೆ 'ಪಾಯ್' ಎನ್ನುತ್ತಾರೆ. ದುರದೃಷ್ಟವಶಾತ್ ಚಾಪೆಗೂ ಪಾಯ್ ಎಂದೇ ಹೇಳುತ್ತಾರೆ. "ದೋಣಿಗೆ ಒಂದು ಪಾಯ್ ಬೇಕಲ್ಲ" ಎಂದು ಮಾವ ಮೆತ್ತಗೆ ಕೇಳಿದರು. ಅತ್ತೆ ಒಳಹೋಗಿ, ತಮ್ಮ ಹಳೆಯ ಚಾಪೆಯನ್ನೂ ಜೊತೆಗೊಂದು ದಿಂಬನ್ನೂ ತಂದು ದೋಣಿಯೊಳಕ್ಕೆ ಎಸೆದರು.

"ಇವತ್ತಿಂದ ಅಲ್ಲೇ ಮಲಗಿ. ನಡುಮನೇಲಿ ಗೊರಕೆ ಕಡಿಮೆ ಆಗುತ್ತೆ."

ಮಾವ ದಿಂಬನ್ನು ಹಿಂತಿರುಗಿಸಿದರು. ಚಾಪೆಯನ್ನು ಎತ್ತಿ ಬೆಳಕಿಗೆ ಹಿಡಿದರು, ಬೀಸಿದರು, ಹಾಯಿಮರಕ್ಕೆ ಒರಗಿಸಿ ನೋಡಿದರು. ಚಾಪೆಗೆ ಬಡ್ತಿ ಸಿಕ್ಕಿತು.

ದೋಣಿಯನ್ನು ಗೂಡ್ಸ್ ಆಟೋದಲ್ಲಿ ಹೇರಿ ಬಂಗಾರಪೇಟೆ ದಾಟಿ ಒಂದು ಕೆರೆಗೆ ಒಯ್ದೆವು. ದಾರಿಯಲ್ಲಿ ಹೂಕೋಸು ಇಳಿಸುತ್ತಿದ್ದವನೊಬ್ಬ "ಏನ್ ಮಾವಾ, ಸಮುದ್ರ ಎತ್ಲಾಗೆ ಬಂತು?" ಎಂದ. "ಹಿಂದ್ಗಡೆ ಆಟೋದಲ್ಲಿ ಬತ್ತೈತೆ" ಎಂದರು ಮಾವ.

ಅತ್ತೆ ಬಂದಿದ್ದು ಬರೀ ನೋಡಲು; ಹಾಗೆಂದು ದಾರಿಯುದ್ದಕ್ಕೂ ಹೇಳಿದರು. ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು. ನನ್ನ ಹಟಕ್ಕೆ ಮಾವ ಸೊಂಟಕ್ಕೆ ಗಾಳಿ ತುಂಬಿದ ಲಾರಿಯ ಟ್ಯೂಬು ಸಿಕ್ಕಿಸಿಕೊಂಡರು; ಇನ್ನೊಂದು ನನ್ನ ಹೆಗಲಲ್ಲಿತ್ತು. ದೋಣಿಗೆ ಉದ್ದನೆಯ ಹಗ್ಗ ಕಟ್ಟಿ ತುದಿಯನ್ನು ನಾನು ಹಿಡಿದೆ. ದೋಣಿ ನೀರಿಗಿಳಿಯಿತು, ತೇಲಿತು. ಮಾವ ಒಂದು ಪೀಠದಲ್ಲಿ ಕೂತರು. ಬೆನ್ನಾಸರೆಯ ಪೀಠ ಖಾಲಿ. ಅದನ್ನು ಅವರು ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ಚಾಪೆ ಗಾಳಿ ತುಂಬಿಕೊಂಡು ಉಬ್ಬಿತು.

"ಏಂಗ, ಏನ್ರೀ, ನನ್ನ ಪಾಯ್ ಎತ್ಕೊಂಡು ಎಲ್ಲಿಗೆ ಹೊರಟ್ರಿ?" ದಡದಿಂದ ಅತ್ತೆ ಕೂಗಿದರು.

"ಗಾಳಿ ಕರ್ಕೊಂಡೋದ ಕಡೆ."

"ನೀವು ಪಾಳಿಗೆ ಇಳಿದಾಗೆಲ್ಲ ಬಾಗಿಲಲ್ಲಿ ಆ ಪಾಯ್ ಹಾಸ್ಕೊಂಡು ಕಾದವಳು ನಾನು. ಈಗ ಅದನ್ನೂ ತಗೊಂಡು ಹೋದ್ರೆ ನಾನು ಎಲ್ಲಿ ಕೂತು ಕಾಯಲಿ?"

ನಾನು ಹಗ್ಗ ಬಿಗಿಹಿಡಿದು ದೋಣಿಯನ್ನು ದಡದ ಬಳಿಯೇ ನಿಲ್ಲಿಸಿದೆ. ಅತ್ತೆ ಉತ್ತರಕ್ಕಾಗಿ ನಿಲ್ಲಲಿಲ್ಲ. ಇನ್ನೊಂದು ಟ್ಯೂಬನ್ನು ನನ್ನಿಂದ ಕಿತ್ತುಕೊಂಡು, ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿಗಿಳಿದು, ಕ್ಯಾರಿಯರ್ ಸಮೇತ ಹತ್ತಿ ಕೂತರು.

ಹತ್ತು ಮಾರು ಹೋಗಿರಬೇಕು. ಗಾಳಿ ಪಕ್ಕಕ್ಕೆ ತಿರುಗಿ ದೋಣಿ ಓಲಾಡಿತು. ಕ್ಯಾರಿಯರಿನ ಡಬ್ಬಿಗಳು ಗಲಗಲ ಎಂದವು. ಅತ್ತೆ ಅಭ್ಯಾಸಬಲದಿಂದ ಅರ್ಧ ಎದ್ದರು. ಹೋಗಲು ಬಾಗಿಲಿರಲಿಲ್ಲ.

"ಕೂತ್ಕೊಳೇ. ಇಲ್ಲೇ ಇದೀನಿ" ಎಂದರು ಮಾವ.

ಅತ್ತೆ ನಿಧಾನವಾಗಿ ಕೂತರು, ಬೆನ್ನಾಸರೆಗೆ ಒರಗಿದರು. ಕ್ಯಾರಿಯರ್ ಇನ್ನೂ ಸದ್ದು ಮಾಡುತ್ತಲೇ ಇತ್ತು. ಅದನ್ನು ಹಿಡಿದು ನಿಲ್ಲಿಸುವ ಗೋಜಿಗೆ ಅವರು ಹೋಗಲಿಲ್ಲ.

ದೋಣಿ ಓಲಾಡಿದರೆ ಎಳೆದುಕೊಳ್ಳಬೇಕೆಂದು ಹಗ್ಗ ಹಿಡಿದಿದ್ದವನು ನಾನು. ಎಳೆಯಲಿಲ್ಲ. ಇನ್ನೊಂದಿಷ್ಟು ಬಿಟ್ಟೆ.